ಶನಿವಾರದ ಕಪ್ಪು ನಾಯಿ

ಶನಿವಾರ ಸಂಜೆಯಾದರೆ ನನ್ನ ಕಾಲು ಇವತ್ತಿಗೂ ಒಂದು ಕಡೆ ನಿಲ್ಲುವುದಿಲ್ಲ. ಒಲೆಯ ಮುಂದಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಮತ್ತೆ ಒಲೆಗೆ. "ಕಾಲಿಗೆ ಚಕ್ರ ಕಟ್ಕೊಂಡಿದೀಯಾ? ಸುಮ್ನೆ ಒಂದ್ಕಡೆ ಕೂತ್ಕೋಬಾರ್ದಾ?" ಎಂದು ನನ್ನ ಗಂಡ ಪೇಪರಿನ ಹಿಂದಿನಿಂದ ಗದರುತ್ತಾರೆ. ಅವರಿಗೇನು, ಅವರು ಆಗ ಕಾರಿನೊಳಗೆ ಇದ್ದವರು. ಕಿಟಕಿಯಲ್ಲಿ ನಿಂತು ಕಾದವಳು ನಾನು. ಈ ಚಾಳಿ ನನಗೆ ಅಂಟಿದ್ದು ಎಪ್ಪತ್ತರ ದಶಕದಲ್ಲಿ, ಡೆಟ್ರಾಯ್ಟಿನ ಒಂದು ಮಹಡಿ ಮನೆಯಲ್ಲಿ, ಇಬ್ಬರು ಮುದುಕಿಯರು ಮತ್ತು ಒಂದು ಕಪ್ಪು ನಾಯಿಯ ನಡುವೆ ನಾನು ಸಿಕ್ಕಿಕೊಂಡಿದ್ದಾಗ.

ಆ ಮನೆಗೆ ನಾವು ಹೋದದ್ದು ಅರವತ್ತರ ದಶಕದ ಕೊನೆಯಲ್ಲಿ. ಊರಲ್ಲಿ ಗಲಭೆಯಾಗಿ ಹೆಚ್ಚು ದಿನ ಕಳೆದಿರಲಿಲ್ಲ. ಬೀದಿಯಲ್ಲಿ ಎಷ್ಟೋ ಮನೆಗಳ ಕಿಟಕಿಗೆ ಹಲಗೆ ಹೊಡೆದಿದ್ದರು. ಬಿಳಿಯರು ಗಂಟುಮೂಟೆ ಕಟ್ಟಿಕೊಂಡು ಉಪನಗರಗಳಿಗೆ ಓಡುತ್ತಿದ್ದರು. ಕೆಲವರು ಹೋಗುವ ಅವಸರದಲ್ಲಿ ಸಾಕಿದ ನಾಯಿಯನ್ನೂ ಬಿಟ್ಟು ಹೋಗಿದ್ದರು. ನಮಗೆ ಮಾತ್ರ ಆ ಬೀದಿ ಅನುಕೂಲವಾಗಿತ್ತು. ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಲ್ಯಾಬು ನಡೆದುಹೋಗುವಷ್ಟು ಹತ್ತಿರ, ನನ್ನ ಗಂಡನ ಕಾರ್ ಕಂಪನಿ ಬಸ್ಸಿನಲ್ಲಿ ಅರ್ಧ ಗಂಟೆ. ಇಟ್ಟಿಗೆಯ ಹಳೇ ಮನೆ, ಮೇಲೆ ನಾವು, ಕೆಳಗೆ ಮನೆಯ ಒಡತಿ. ಹಿತ್ತಿಲ ಕಡೆ ಮರದ ಮೆಟ್ಟಿಲು, ಅದರಾಚೆ ಗ್ಯಾರೇಜು, ಗ್ಯಾರೇಜಿನಾಚೆ ಕಸದ ಡಬ್ಬಗಳ ಗಲ್ಲಿ.

ಒಡತಿ ಇಂಗ್ಲೆಂಡಿನ ಅಜ್ಜಿ. ಪೂರ್ವ ಕರಾವಳಿಯ ಮೀನುಗಾರರ ಹಳ್ಳಿಯೊಂದರಲ್ಲಿ ಹುಟ್ಟಿ, ಮದುವೆಯಾದ ಮೇಲೆ ಗಂಡನ ಜೊತೆ ಹಡಗು ಹತ್ತಿ ಬಂದವರು. ಗಂಡ ಕಾರ್ ಕಾರ್ಖಾನೆಯಲ್ಲಿ ದುಡಿದು ಈ ಮನೆ ಕಟ್ಟಿಸಿ, ಅದರಲ್ಲೇ ಕಣ್ಣು ಮುಚ್ಚಿದ್ದರು. ಮಕ್ಕಳಿರಲಿಲ್ಲ. ಬೀದಿ ಖಾಲಿಯಾಗುತ್ತಿದ್ದರೂ ಅಜ್ಜಿ ಜಾಗ ಬಿಟ್ಟು ಕದಲಲಿಲ್ಲ. "ಒಂದ್ಸಲ ಊರು ಬಿಟ್ಟಾಗಿದೆ, ಇನ್ನೊಂದ್ಸಲ ಬಿಡೋ ತ್ರಾಣ ನಂಗಿಲ್ಲ" ಎನ್ನುತ್ತಿದ್ದರು. ಅವರ ಇಂಗ್ಲಿಷು ನಮ್ಮ ಕಾನ್ವೆಂಟಿನ ಇಂಗ್ಲಿಷೂ ಅಲ್ಲ, ಅಮೆರಿಕದ್ದೂ ಅಲ್ಲ. ಕಿವಿಗೆ ಅಭ್ಯಾಸವಾಗಲು ನನಗೆ ಒಂದು ಚಳಿಗಾಲವೇ ಬೇಕಾಯಿತು.

ಆ ಚಳಿಗಾಲದಲ್ಲೇ ಅವರು ನಾಯಿಯ ಕಥೆ ಹೇಳಿದ್ದು. ಮಂಜು ಗಟ್ಟಿಯಾಗಿ ತಂತಿಗಳು ಹರಿದು ಬಿದ್ದು, ಮಧ್ಯಾಹ್ನವೇ ಕರೆಂಟು ಹೋಗಿತ್ತು. ನಾನು ಅವರ ಅಡುಗೆಮನೆಯಲ್ಲಿ ಗ್ಯಾಸ್ ಒಲೆಯ ಹತ್ತಿರ ಕೈ ಕಾಯಿಸಿಕೊಳ್ಳುತ್ತಿದ್ದೆ. ಹೊರಗೆ ಎಲ್ಲೋ ಒಂದು ನಾಯಿ ಊಳಿಟ್ಟಿತು. ನಮ್ಮೂರಲ್ಲಿ ನಾಯಿ ಊಳಿಟ್ಟರೆ ಕೇರಿಯಲ್ಲಿ ಯಾರೋ ಹೋಗ್ತಾರೆ ಅಂತಾರೆ ಎಂದೆ, ಸುಮ್ಮನೆ ಮಾತಿಗೆ. ಅಜ್ಜಿ ಟೀ ಲೋಟ ಕೆಳಗಿಟ್ಟರು.

"ನಮ್ಮೂರ ನಾಯಿ ಕೂಗಲ್ಲ. ಕೂಗೋ ನಾಯಿಗೆ ಹೆದರಬೇಕಾಗಿಲ್ಲ."

ಅವರ ಕರಾವಳಿಯಲ್ಲಿ ಒಂದು ಕಪ್ಪು ನಾಯಿ ಇದೆಯಂತೆ. ಕರುವಿನಷ್ಟು ಎತ್ತರ, ಕಣ್ಣು ಕೆಂಡ. ಸಮುದ್ರದ ದಂಡೆಯ ದಾರಿಯಲ್ಲಿ, ಚರ್ಚಿನ ಹಿಂದಿನ ಓಣಿಯಲ್ಲಿ ಮುಸ್ಸಂಜೆಗೆ ನಡೆಯುತ್ತದೆ, ಹೆಜ್ಜೆಯ ಸದ್ದಿಲ್ಲ. ಕೆಲವರು ಅದನ್ನು 'ಶಕ್' ಎಂದು ಕರೆಯುತ್ತಾರೆ, ಆದರೆ ಮನೆಯೊಳಗೆ ಆ ಹೆಸರು ಎತ್ತುವುದಿಲ್ಲ. ಒಂದು ಊರಿನ ಚರ್ಚಿನ ಬಾಗಿಲಲ್ಲಿ ಅದರ ಉಗುರಿನ ಸುಟ್ಟ ಗುರುತು ಇದೆಯೆಂದು ಜನ ತೋರಿಸುತ್ತಾರೆ. ಅದು ಯಾರ ಮನೆಯ ಮುಂದೆ ನಿಂತು ತಲೆಯೆತ್ತಿ ನೋಡುತ್ತದೋ ಆ ಮನೆಯಲ್ಲಿ ವರ್ಷದೊಳಗೆ ಒಂದು ಸಾವು. ಅಜ್ಜಿಯ ಅಜ್ಜಿ ತಮ್ಮ ಹಿತ್ತಿಲ ಬೇಲಿಯ ಹತ್ತಿರ ಅದನ್ನು ಕಂಡರಂತೆ. ಆ ಚಳಿಗಾಲ ಅವರ ಗಂಡ ಹೋದ ದೋಣಿ ವಾಪಸು ಬರಲಿಲ್ಲ.

"ಪಕ್ಕದ ಜಿಲ್ಲೆಯವರು ಬೇರೆ ಹೇಳ್ತಾರೆ" ಎಂದು ಅಜ್ಜಿ ಮೂಗು ಮುರಿದರು. "ಒಂಟಿ ಹೆಂಗಸು ದಾರೀಲಿ ಬರ್ತಿದ್ರೆ ಅದು ಜೊತೆಗೆ ನಡ್ಕೊಂಡು ಮನೆ ಮುಟ್ಟಿಸುತ್ತಂತೆ. ಅದೆಲ್ಲ ಅವರ ಬಡಾಯಿ. ನಮ್ಮ ನಾಯಿ ಅಂಥದ್ದಲ್ಲ."

ಅಷ್ಟು ಭಯಂಕರವಾದ ನಾಯಿಯ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆಯಿತ್ತು. ನನಗೆ ನಗು ಬಂತು. ಕರೆಂಟು ಬಂದ ಮೇಲೆ ಕಥೆ ಮರೆತೂ ಹೋಯಿತು.

ಆಮೇಲೆ ನಾಲ್ಕಾರು ವರ್ಷ ಆರಾಮವಾಗಿ ಕಳೆದವು. ಪೆಟ್ರೋಲ್ ಬಿಕ್ಕಟ್ಟು ಬಂದದ್ದೇ ತಡ, ಕಾರು ಕೊಳ್ಳುವವರು ಕಡಿಮೆಯಾಗಿ, ನನ್ನ ಗಂಡನ ಕೆಲಸ ಹೋಯಿತು. ಊರಲ್ಲಿ ಯಾವ ಕಂಪನಿಯೂ ಇಂಜಿನಿಯರುಗಳನ್ನು ತೆಗೆದುಕೊಳ್ಳುತ್ತಿರಲಿಲ್ಲ. ಕೊನೆಗೆ ಶಿಕಾಗೋ ಹತ್ತಿರದ ಲಿಸ್ಲ್ ಎಂಬಲ್ಲಿ ಒಂದು ಕೆಲಸ ಸಿಕ್ಕಿತು. ನನ್ನ ಲ್ಯಾಬಿನ ಕೆಲಸ ಬಿಡುವ ಹಾಗಿರಲಿಲ್ಲ, ಅವರ ಹೊಸ ಕೆಲಸದ ಮೇಲೆ ನಂಬಿಕೆಯಿಡುವ ಹಾಗಿರಲಿಲ್ಲ. ಅದಕ್ಕೇ ಅವರು ಅಲ್ಲಿ ಗೆಳೆಯರೊಬ್ಬರ ಅಪಾರ್ಟ್‌ಮೆಂಟಿನಲ್ಲಿ ಉಳಿದು, ಶನಿವಾರ ಅರ್ಧ ದಿನ ಕೆಲಸ ಮುಗಿಸಿ ಹೊರಟು, ಮುನ್ನೂರು ಮೈಲಿಯ ಹತ್ತಿರ ಡ್ರೈವ್ ಮಾಡಿ ಸಂಜೆಗೆ ಮನೆ ಸೇರುವುದು, ಭಾನುವಾರ ಮತ್ತೆ ಹೊರಡುವುದು ಎಂದಾಯಿತು. ಕೆರೆಯೆಂದು ಕರೆಯಲು ನಾಚಿಕೆಯಾಗುವಷ್ಟು ದೊಡ್ಡದಾದ ಆ ಮಿಶಿಗನ್ ಕೆರೆಯ ದಂಡೆಯ ದಾರಿಯಲ್ಲಿ ಚಳಿಗಾಲದಲ್ಲಿ ಹಿಮ ಹೇಳದೆ ಕೇಳದೆ ಬೀಳುತ್ತದೆ. ಎದುರಿನ ಲಾರಿ ಕಾಣುವುದಿಲ್ಲ. ಶನಿವಾರ ಮಧ್ಯಾಹ್ನದಿಂದ ನನಗೆ ಅನ್ನ ಇಳಿಯುತ್ತಿರಲಿಲ್ಲ. ರೇಡಿಯೋ ಹಚ್ಚುತ್ತಿದ್ದೆ, ಹೆದರಿ ಆರಿಸುತ್ತಿದ್ದೆ, ಮತ್ತೆ ಹಚ್ಚುತ್ತಿದ್ದೆ.

ಇಂಥ ಹೊತ್ತಿನಲ್ಲಿ ಮೈಸೂರಿನಿಂದ ಅತ್ತೆ ಬಂದರು. ಮಗನ ಮನೆಯಲ್ಲಿ ಒಂದಷ್ಟು ತಿಂಗಳು ಇರೋಣವೆಂದು ಬಂದವರಿಗೆ ಮಗ ವಾರಕ್ಕೆ ಒಂದೇ ರಾತ್ರಿ ಸಿಗುವವನಾಗಿದ್ದ. ಬರುವಾಗ ಜೋಯಿಸರನ್ನು ಕೇಳಿಕೊಂಡೇ ಬಂದಿದ್ದರು. ಮಗನಿಗೆ ಸಾಡೇಸಾತಿ ಶನಿ, ಪ್ರಯಾಣದಲ್ಲಿ ಕಂಟಕ. ಪರಿಹಾರ ಸುಲಭವಾದದ್ದೇ. ಪ್ರತಿ ಶನಿವಾರ ಮುಸ್ಸಂಜೆಗೆ ಕಾಲಭೈರವನನ್ನು ನೆನೆದು ಕಪ್ಪು ನಾಯಿಗೆ ಎಳ್ಳೆಣ್ಣೆ ಸವರಿದ ಚಪಾತಿ ಹಾಕಬೇಕು. ನಾಯಿ ತಿಂದರೆ ಕಂಟಕ ಕಳೆಯಿತು.

ಮೈಸೂರಲ್ಲಾದರೆ ಬಾಗಿಲು ತೆರೆದರೆ ಸಾಕು, ಕಪ್ಪು ನಾಯಿ ಕಾಲಿಗೆ ಎಡವುತ್ತದೆ. ಅಮೆರಿಕದಲ್ಲಿ ಎಲ್ಲಿಂದ ತರುವುದು? ಮೊದಲ ಶನಿವಾರ ಅತ್ತೆ ಚಪಾತಿ ಹಿಡಿದು ಮುಂಬಾಗಿಲಲ್ಲಿ ನಿಂತರು. ಬೀದಿಯ ಕೊನೆಯ ಮನೆಯಾತ ಗುಂಗುರು ಕೂದಲಿನ ಕಪ್ಪು ನಾಯಿಮರಿಗೆ ಸ್ವೆಟರ್ ತೊಡಿಸಿ ಕರೆದುಕೊಂಡು ಬಂದ. ಅತ್ತೆ ಎರಡು ಹೆಜ್ಜೆ ಮುಂದಿಟ್ಟರು. ಆತ ನಾಯಿಯನ್ನು ಎತ್ತಿ ಎದೆಗೆ ಅಪ್ಪಿಕೊಂಡು ಆಚೆ ಬದಿಗೆ ದಾಟಿಬಿಟ್ಟ. "ಸ್ವೆಟರ್ ಹಾಕ್ಕೊಂಡ ಭೈರವನ್ನ ನಾನು ಕಂಡಿರ್ಲಿಲ್ಲ ಬಿಡು" ಎಂದು ಅತ್ತೆ ಒಳಗೆ ಬಂದರು. ಕೆಳಗಿನ ಅಜ್ಜಿಗೆ ಹಿತ್ತಿಲಲ್ಲಿ ಎಂಜಲು ಅನ್ನ ಬಿದ್ದರೆ ಆಗುತ್ತಿರಲಿಲ್ಲ, ಇಲಿ ಬರುತ್ತವೆ ಎನ್ನುತ್ತಿದ್ದರು. ಅದಕ್ಕೇ ನಾನು ಅತ್ತೆಗೆ ಖಂಡಿತವಾಗಿ ಹೇಳಿದೆ, ಹೊರಗೆ ಏನೂ ಹಾಕಬೇಡಿ ಎಂದು. ಅತ್ತೆ ಹೂಂ ಅಂದರು. ಅವರು ಅಷ್ಟು ಬೇಗ ಹೂಂ ಅಂದಾಗಲೇ ನಾನು ಅನುಮಾನ ಪಡಬೇಕಿತ್ತು. ಆದರೆ ಮುಂದಿನ ವಾರದಿಂದ ಶನಿವಾರವೂ ನನಗೆ ಲ್ಯಾಬಿನಲ್ಲಿ ಕತ್ತಲಾಗುವವರೆಗೆ ಕೆಲಸ ಬಿತ್ತು.

ಅದೇ ಚಳಿಗಾಲ ಕೆಳಗಿನ ಅಜ್ಜಿ ಸೊರಗುತ್ತಾ ಬಂದರು. ಒಂದು ದಿನ ಬಲವಂತ ಮಾಡಿ ಕೇಳಿದಾಗ ಎದೆಯಲ್ಲೊಂದು ಗಂಟು ಇದೆಯೆಂದರು. ನಾನೇ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರು ನೋಡಿ, ತಡಮಾಡದೆ ಆಪರೇಷನ್ ಆಗಬೇಕು, ಈಗ ತೆಗೆದರೆ ಬದುಕುತ್ತಾರೆ, ಬಿಟ್ಟರೆ ಹರಡುತ್ತದೆ ಎಂದರು. ಅಜ್ಜಿ ಕೋಟಿನ ಗುಂಡಿ ಹಾಕಿಕೊಂಡು, ಥ್ಯಾಂಕ್ಸ್ ಹೇಳಿ, ಮನೆಗೆ ಬಂದು ಕೂತರು. ಆಮೇಲೆ ನಾನು ದಿನವೂ ಕೆಳಗಿಳಿದು ಜಗಳವಾಡುತ್ತಿದ್ದೆ. ದಿನವೂ ಇಲ್ಲವೆನ್ನುತ್ತಿದ್ದರು. ಲ್ಯಾಬಿನಲ್ಲಿ ಗಾಜಿನ ಪಟ್ಟಿಯ ಮೇಲೆ ಇಂಥ ಗಂಟುಗಳನ್ನು ನೋಡಿ ನೋಡಿ ನನಗೆ ತಿಳಿದಿತ್ತು, ಒಂದೊಂದು ವಾರವೂ ಎಷ್ಟು ಮುಖ್ಯವೆಂದು. ಸಿಟ್ಟು ತಡೆಯಲಾರದೆ ಒಂದು ದಿನ ಕೂಗಿಯೇಬಿಟ್ಟೆ.

"ಸಾಯ್ಬೇಕು ಅಂತಾನೇ ತೀರ್ಮಾನ ಮಾಡಿದೀರಾ?"

"ತೀರ್ಮಾನ ಮಾಡಿದ್ದು ನಾನಲ್ಲ" ಎಂದರು ಅಜ್ಜಿ ಮೆಲ್ಲಗೆ. "ಅದು ಬಂದಿದೆ. ಪ್ರತಿ ಶನಿವಾರ ಬರುತ್ತೆ, ಕತ್ತಲಾಗೋ ಹೊತ್ತಿಗೆ. ಈ ಕಿಟಕಿಯಿಂದಲೇ ನೋಡ್ತೀನಿ. ಗಲ್ಲಿ ಕಡೆಯಿಂದ ಬಂದು ಮೆಟ್ಟಿಲ ಹತ್ತಿರ ನಿಂತು ತಲೆ ಎತ್ತಿ ಮನೆ ನೋಡುತ್ತೆ. ಹಿಮದಲ್ಲಿ ಹೆಜ್ಜೆ ಸದ್ದೇ ಇಲ್ಲ. ಮೆಟ್ಟಿಲ ಕೆಳಗೆ ಹೋಗುತ್ತೆ. ಹೊರಗೆ ಬಂದದ್ದನ್ನ ನಾನು ಒಂದು ಸಲಾನೂ ನೋಡಿಲ್ಲ. ಇಷ್ಟು ದೂರ ಸಮುದ್ರ ದಾಟಿ ಹುಡುಕ್ಕೊಂಡು ಬಂದಿದೆ ಅಂದ್ರೆ ಚಾಕು ಹಿಡಿದ ಡಾಕ್ಟರು ಏನು ಮಾಡ್ತಾರೆ?"

ನನಗೆ ಏನೋ ಹೊಳೆಯಿತು. ಶನಿವಾರ. ಮುಸ್ಸಂಜೆ. ಕಪ್ಪು ನಾಯಿ. ನಾನು ಎದ್ದು ಹಿತ್ತಿಲಿಗೆ ಹೋಗಿ ಮೆಟ್ಟಿಲ ಕೆಳಗೆ ಬಗ್ಗಿ ನೋಡಿದೆ. ಗೋಡೆಯ ಮೂಲೆಯಲ್ಲಿ ನಮ್ಮ ಮನೆಯ ಸ್ಟೀಲ್ ತಟ್ಟೆ, ಅದರ ಅಂಚಿನಲ್ಲಿ ಹೆಪ್ಪುಗಟ್ಟಿದ ಎಳ್ಳೆಣ್ಣೆ. ಹಿಂದುಗಡೆ ಗ್ಯಾರೇಜಿನ ಸಂದಿಗೆ ಹೋಗುವ ನಾಯಿಯ ಹೆಜ್ಜೆಗುರುತು. ಅಜ್ಜಿಯ ಕಿಟಕಿಗೆ ಆ ಸಂದಿ ಕಾಣಿಸುತ್ತಿರಲಿಲ್ಲ.

ಮೇಲೆ ಹೋಗಿ ತಟ್ಟೆಯನ್ನು ಅತ್ತೆಯ ಮುಂದಿಟ್ಟೆ. ಅತ್ತೆಗೆ ಒಂಚೂರೂ ಅಳುಕಿರಲಿಲ್ಲ. ಎರಡು ಬೀದಿಯಾಚೆ ಬಿಟ್ಟುಹೋದ ಮನೆಯಲ್ಲಿ ಆ ನಾಯಿ ಇರುವುದನ್ನು ಅವರೇ ಕಂಡುಹಿಡಿದು, ಕರಿಯ ಎಂದು ಹೆಸರಿಟ್ಟು, ರೂಢಿ ಮಾಡಿಸಿದ್ದರು. ಮನೆ ಒಡತಿಗೆ ಕಾಣದಿರಲೆಂದೇ ಮೆಟ್ಟಿಲ ಕೆಳಗೆ ಇಡುತ್ತಿದ್ದರು. ನನ್ನ ಸಿಟ್ಟು ಅರ್ಧ ಇಳಿಯಿತು. ಗಂಟು ಬಿಡಿಸಿದ ಹಾಗಾಯಿತಲ್ಲ ಎಂದು ಖುಷಿಯೂ ಆಯಿತು. ತಟ್ಟೆ ಹಿಡಿದುಕೊಂಡೇ ಕೆಳಗೆ ಓಡಿ ಅಜ್ಜಿಗೆ ಎಲ್ಲ ಹೇಳಿದೆ. ಅದು ಭೂತವಲ್ಲ, ಹಸಿದ ನಾಯಿ, ಮಗ ಕ್ಷೇಮವಾಗಿ ಮನೆ ಸೇರಲೆಂದು ನಮ್ಮ ಅತ್ತೆ ಹಾಕುವ ಚಪಾತಿ ತಿನ್ನಲು ಬರುತ್ತದೆ.

ಅಜ್ಜಿ ತಟ್ಟೆಯನ್ನು ತಿರುಗಿಸಿ ನೋಡಿದರು. "ತಿನ್ನುತ್ತೆ ಅಂದ್ರೆ ಅದು ಅಲ್ಲ ಅಂತ ಯಾರು ಹೇಳಿದ್ರು? ಇಷ್ಟು ದೊಡ್ಡ ಊರಲ್ಲಿ ನನ್ನ ಮೆಟ್ಟಿಲಿಗೇ ಯಾಕೆ ಬಂತು? ಅದೂ ನನಗೆ ಗಂಟು ಕಾಣಿಸಿದ ತಿಂಗಳೇ? ನಿಮ್ಮತ್ತೆ ಕರೆದ್ರು, ಸರಿ. ಅವರ ಕೈಯಲ್ಲಿ ಕರೆಸಿದ್ದು ಯಾರು?"

ಮೇಲೆ ಬಂದು ಈ ಮಾತನ್ನು ಅತ್ತೆಗೆ ಹೇಳಿದರೆ ಅವರು ತಲೆಯಾಡಿಸಿದರು. "ಆಯಮ್ಮ ಹೇಳೋದು ಸರಿಯಾಗೇ ಇದೆ. ಕರೆಸೋನು ಅವನೇ."

ಎಂ.ಎಸ್ಸಿ. ಓದಿದವಳು ನಾನೊಬ್ಬಳು ಬೇರೆ, ಅವರಿಬ್ಬರು ಒಂದು. ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಆದರೆ ಅಜ್ಜಿ ಒಂದು ಬಾಗಿಲು ತೆರೆದಿಟ್ಟಿದ್ದರು. ಒಂದೇ ಒಂದು ಶನಿವಾರ ಅದು ಬಾರದಿರಲಿ, ಅದು ತಿರುಗಿ ಹೋಯಿತೆಂದರೆ ತನ್ನ ಗಳಿಗೆಯೂ ಮುಂದಕ್ಕೆ ಹೋದಂತೆ, ಸೋಮವಾರ ಬೆಳಿಗ್ಗೆ ತಾನೇ ಆಸ್ಪತ್ರೆಗೆ ಬರುತ್ತೇನೆ ಎಂದಿದ್ದರು.

"ಒಂದು ಶನಿವಾರ ಬಿಡಿ ಅತ್ತೆ" ಎಂದು ಬೇಡಿಕೊಂಡೆ. "ನಿಮ್ಮ ಚಪಾತಿಯಿಂದ ಒಂದು ಜೀವ ಹೋಗುತ್ತೆ."

"ಹಾಕ್ದೇ ಇದ್ರೆ ಇನ್ನೊಂದು ಜೀವ ಹೋದ್ರೆ? ಆ ಜೀವ ನಿನ್ನ ಗಂಡ ಕಣೇ."

ನನಗೆ ಶನಿಯಲ್ಲಿ ನಂಬಿಕೆಯಿರಲಿಲ್ಲ. ಆದರೂ ಹಾಕಬೇಡಿ ಎಂದು ಇನ್ನೊಮ್ಮೆ ಹೇಳಿ, ಆ ಶನಿವಾರವೇ ಏನಾದರೂ ಆಗಿಬಿಟ್ಟರೆ? ಅತ್ತ ದರಿ, ಇತ್ತ ಪುಲಿ ಎನ್ನುವುದನ್ನು ಶಾಲೆಯಲ್ಲಿ ಬರೆದಿದ್ದೆ, ಅದರಲ್ಲಿ ಬದುಕಿದ್ದು ಆ ವಾರ. ಲ್ಯಾಬಿನಲ್ಲಿ ಕೂರಲಾರೆ, ಮನೆಯಲ್ಲಿ ನಿಲ್ಲಲಾರೆ. ಕೆಳಗಿನಿಂದ ಅಜ್ಜಿಯ ಕೆಮ್ಮು ಕೇಳಿದರೆ ಅತ್ತೆಯ ಮೇಲೆ ಸಿಟ್ಟು, ರೇಡಿಯೋದಲ್ಲಿ ಹಿಮದ ಸುದ್ದಿ ಬಂದರೆ ಅಜ್ಜಿಯ ಮೇಲೆ ಸಿಟ್ಟು.

ಗುರುವಾರ ಅತ್ತೆ ಒಂದು ಪಾತ್ರೆ ಮೆಣಸಿನ ಸಾರು ಹಿಡಿದು ತಾವೇ ಕೆಳಗೆ ಹೋದರು. ಇಬ್ಬರ ನಡುವೆ ಮಾತಿನ ಬಳಕೆಯಿರಲಿಲ್ಲ. ಅತ್ತೆಗೆ ಯೆಸ್, ನೋ ಬಿಟ್ಟರೆ ಇಂಗ್ಲಿಷು ಬಾರದು. ಬಹಳ ಹೊತ್ತಾದರೂ ಮೇಲೆ ಬರಲಿಲ್ಲವೆಂದು ಇಣುಕಿದರೆ, ಅಜ್ಜಿಯ ನೋಯುವ ತೋಳಿಗೆ ಅತ್ತೆ ಎಣ್ಣೆ ತಿಕ್ಕುತ್ತಾ ಕೂತಿದ್ದರು. ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದರು. ಮೇಲೆ ಬಂದ ಅತ್ತೆ ಕೈ ತೊಳೆಯದೆ ನಲ್ಲಿಯ ಮುಂದೆ ನಿಂತರು.

"ನನ್ನ ಕೈ ಹಿಡಿದು ಮುಟ್ಟಿ ತೋರಿಸಿದ್ರು ಕಣೇ. ಕಲ್ಲಿನ ಹಾಗಿದೆ. ನಮ್ಮಮ್ಮಂಗೂ ಹೀಗೇ ಇತ್ತು. ನಾಚ್ಕೊಂಡು ಯಾರಿಗೂ ತೋರಿಸ್ಲಿಲ್ಲ." ಆಮೇಲೆ ನಲ್ಲಿ ತಿರುಗಿಸುತ್ತಾ ಹೇಳಿದರು, "ಈ ಶನಿವಾರ ಇಲ್ಲಿ ಹಾಕಲ್ಲ. ಆದ್ರೆ ಹಾಕ್ದೇ ಇರೋದೂ ಇಲ್ಲ. ನಾಯಿ ಇರೋ ಕಡೆ ನಾವೇ ಹೋಗೋಣ. ಹೊಟ್ಟೆ ತುಂಬಿದ್ರೆ ಇತ್ಲಾಗೆ ಬರಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು. ಆದರೆ ನಮ್ಮಲ್ಲಿ ಅತ್ತೆಯನ್ನು ತಬ್ಬಿಕೊಳ್ಳುವ ರೂಢಿಯಿಲ್ಲ, ಕಾಫಿ ಮಾಡಿಕೊಟ್ಟೆ.

ಶನಿವಾರ ನಾನು ಲ್ಯಾಬಿಗೆ ರಜ ಹಾಕಿದೆ. ಬೆಳಗಿನಿಂದಲೇ ಹಿಮ. ಮಧ್ಯಾಹ್ನ ಲಿಸ್ಲ್‌ನಿಂದ ಫೋನ್ ಬಂತು. "ಇಲ್ಲಿ ಅಷ್ಟೇನೂ ಇಲ್ಲ, ಹೊರಡ್ತಾ ಇದೀನಿ" ಎಂದರು ನನ್ನ ಗಂಡ. ಬೆಳಕಿರುವಾಗಲೇ ಅತ್ತೆ ಸೀರೆಯ ಮೇಲೆ ಮಗನ ಹಳೇ ಓವರ್‌ಕೋಟು ತೊಟ್ಟು, ಸ್ಟೀಲ್ ಡಬ್ಬಿಯಲ್ಲಿ ಚಪಾತಿ ಹಿಡಿದುಕೊಂಡು ಹೊರಟರು. ಜಾರಿ ಬೀಳದಂತೆ ಅವರ ತೋಳು ಹಿಡಿದು ಎರಡು ಬೀದಿ ನಡೆಸಿದೆ. ಹಲಗೆ ಹೊಡೆದ ಆ ಮನೆಯ ಹಿಂದೆ ನಿಂತು ಅತ್ತೆ ಕರೆದರು.

"ಕರಿಯಾ, ಬಾರೋ! ಬಾ, ಬಾ!"

ನಾಯಿ ಬರಲಿಲ್ಲ. ಮನೆಯನ್ನು ಒಂದು ಸುತ್ತು ಹಾಕಿದೆವು. ಮುರಿದ ಕಿಟಕಿಯಿಂದ ನೆಲಮಾಳಿಗೆಯೊಳಗೆ ಇಣುಕಿದೆವು. ಪಕ್ಕದ ಖಾಲಿ ಜಾಗದಲ್ಲಿ ಕಾದೆವು. ನನ್ನ ಕಾಲ್ಬೆರಳು ಮರಗಟ್ಟಿದವು. ಅತ್ತೆಯ ಕರೆ ಮೊದಲು ಜೋರಾಗಿತ್ತು, ಆಮೇಲೆ ಮೆಲ್ಲಗಾಯಿತು, ಆಮೇಲೆ ತುಟಿ ಮಾತ್ರ ಅಲ್ಲಾಡುತ್ತಿತ್ತು. ಕತ್ತಲಾಗುವ ಹೊತ್ತಿಗೆ ಅವರನ್ನು ಬಲವಂತದಿಂದ ಮನೆಗೆ ಕರೆತಂದೆ. ಡಬ್ಬಿಯನ್ನು ಅವರು ಕೆಳಗಿಡಲಿಲ್ಲ, ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತರು.

ಪೂರ್ತಿ ಕತ್ತಲಾದ ಮೇಲೆ ಮೆಟ್ಟಿಲ ಮೇಲೆ ಸದ್ದಾಯಿತು. ಮಂಡಿನೋವಿನ ಅಜ್ಜಿ, ನಾವು ಬಂದ ಮೇಲೆ ಒಮ್ಮೆಯೂ ಮೇಲೆ ಹತ್ತದಿದ್ದವರು, ಕಂಬಿ ಹಿಡಿದು ಏರಿ ಬಂದು ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಿದ್ದರು. ಮುಖ ಕೆಂಪಾಗಿತ್ತು.

"ಬರಲಿಲ್ಲ! ಕಿಟಕಿ ಬಿಟ್ಟು ಅಲ್ಲಾಡ್ಲಿಲ್ಲ ನಾನು. ಅದು ಬರಲೇ ಇಲ್ಲ!" ಎಂದು ಹೋಗಿ ಅತ್ತೆಯ ಎರಡೂ ಭುಜ ಹಿಡಿದು ಕೆನ್ನೆಗೆ ಮುತ್ತು ಕೊಟ್ಟರು.

"ಏನಂತೆ?" ಎಂದರು ಅತ್ತೆ ನನ್ನನ್ನು.

ನಾಯಿ ಬರಲಿಲ್ಲವೆಂದು ಅವರಿಗೆ ಸಂತೋಷವಾಗಿದೆ ಎಂದು ನಾನು ಕನ್ನಡದಲ್ಲಿ ಹೇಳಬೇಕಾಯಿತು. ಯಾವ ಸುದ್ದಿಗೆ ಅತ್ತೆ ಹೆದರಿ ಕೂತಿದ್ದರೋ ಅದೇ ಸುದ್ದಿಯನ್ನು ಶುಭವಾರ್ತೆಯೆಂದು ಹೇಳಬೇಕಾಯಿತು. ಅತ್ತೆಯ ಕೈ ಡಬ್ಬಿಯ ಮುಚ್ಚಳವನ್ನು ಒತ್ತಿ ಹಿಡಿಯಿತು.

"ಒಳ್ಳೇದಾಯ್ತು ಅನ್ನು" ಎಂದರು. "ಭಗವಂತ ನೂರು ವರ್ಷ ಕೊಡ್ಲಿ ಅನ್ನು." ಹೇಳುವಾಗ ಅವರು ನಕ್ಕರು ಕೂಡ. ಅಷ್ಟು ಕಷ್ಟದ ನಗುವನ್ನು ನಾನು ಇನ್ನೊಮ್ಮೆ ಕಂಡಿಲ್ಲ.

ಮಗ ಬಂದನೇ ಎಂದು ಅಜ್ಜಿ ವಿಚಾರಿಸಿದರು. ಇನ್ನೂ ಇಲ್ಲ, ಬರುವ ಹೊತ್ತಾಯಿತು ಎಂದೆ. ಅವರು ಕಿಟಕಿಯ ಹೊರಗಿನ ಹಿಮವನ್ನು ನೋಡಿ, ಮೆಲ್ಲಗೆ ಮೆಟ್ಟಿಲಿಳಿದು ಹೋದರು.

ಬರುವ ಹೊತ್ತು ಬಂತು, ಹೋಯಿತು. ಕಾರಿನ ದೀಪ ಗೋಡೆಯ ಮೇಲೆ ಹಾದಾಗೆಲ್ಲ ಇಬ್ಬರೂ ಏಳುತ್ತಿದ್ದೆವು, ಕಾರು ಮುಂದೆ ಹೋಗುತ್ತಿತ್ತು. ರೇಡಿಯೋದವನು ಅವರು ಬರುವ ದಾರಿಯ ಕೆಲಮಝೂ ಹತ್ತಿರ ಹೆದ್ದಾರಿಯಲ್ಲಿ ಲಾರಿಯೊಂದು ಅಡ್ಡ ಬಿದ್ದು ಕಾರುಗಳು ಒಂದಕ್ಕೊಂದು ಬಡಿದಿವೆ ಎಂದ. ನಾನು ರೇಡಿಯೋ ಆರಿಸಿದೆ. ಇಂಗ್ಲಿಷು ಬಾರದ ಅತ್ತೆಗೆ ನನ್ನ ಮುಖ ಓದಲು ಬರುತ್ತಿತ್ತು. ಡಬ್ಬಿ ಹಿಡಿದೇ ಎದ್ದರು, ಓವರ್‌ಕೋಟು ಎಳೆದುಕೊಂಡು ಹಿಂಬಾಗಿಲಿನಿಂದ ಇಳಿದುಬಿಟ್ಟರು.

ನಾನು ಚಪ್ಪಲಿಯಲ್ಲೇ ಹಿಂದೆ ಓಡಿದೆ. ಅತ್ತೆ ಗ್ಯಾರೇಜಿನ ಪಕ್ಕ, ಗಲ್ಲಿಯ ಗೇಟು ಹಿಡಿದು ನಿಂತಿದ್ದರು.

"ಕರಿಯಾ! ಬಾರಪ್ಪಾ! ತಪ್ಪಾಯ್ತು, ಬಾರೋ!"

ಆ ಕೂಗು ಬೀದಿಗೆಲ್ಲ ಕೇಳುವ ಹಾಗಿತ್ತು. ಅತ್ತೆಯ ಬಾಯಿಗೆ ಕೈ ಅಡ್ಡ ಇಡಬೇಕೆಂದು ಮುಂದೆ ಹೋದೆ, ಇಡಲಾಗಲಿಲ್ಲ. ನನಗೂ ಆ ನಾಯಿ ಬೇಕಾಗಿತ್ತು. ಬರಲಿ, ಬಂದು ತಿನ್ನಲಿ, ಕಾರಿನಲ್ಲಿರುವವರು ಬದುಕಲಿ ಎಂದು ನನ್ನ ಒಂದೊಂದು ನರವೂ ಕೂಗುತ್ತಿತ್ತು. ತಿರುಗಿ ಮನೆಯ ಕಡೆ ನೋಡಿದೆ. ಕೆಳಗಿನ ಅಡುಗೆಮನೆಯ ಕಿಟಕಿಯಲ್ಲಿ ದೀಪವಿತ್ತು, ಅಜ್ಜಿ ನಿಂತಿದ್ದರು. ಕೂಗು ಕೇಳಿಯೇ ಬಂದಿದ್ದರು. ನಮ್ಮನ್ನು ನೋಡಿದರು. ಅತ್ತೆಯ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದರು. ಇನ್ನೂ ಕಾರಿಲ್ಲದೆ ಖಾಲಿಯಿದ್ದ ಗ್ಯಾರೇಜನ್ನು ನೋಡಿದರು. ಕೈ ಎತ್ತಿದರು. ಗಾಜು ಬಡಿದು ನಿಲ್ಲಿಸು ಎನ್ನುತ್ತಾರೆ ಎಂದುಕೊಂಡೆ. ಅಜ್ಜಿ ಪರದೆ ಎಳೆದರು. ಮೊದಲು ಒಂದು ಬದಿ, ಆಮೇಲೆ ಇನ್ನೊಂದು ಬದಿ, ನಡುವೆ ಚೂರೂ ಸಂದಿಯಿಲ್ಲದ ಹಾಗೆ.

ಅತ್ತೆಯೂ ತಿರುಗಿ ಆ ಕಿಟಕಿ ನೋಡಿದರು. ಆಮೇಲೆ ಮತ್ತೆ ಕರೆದರು, ಈಗ ಮೆಲ್ಲಗೆ.

ಕಸದ ಡಬ್ಬಗಳ ಹಿಂದಿನಿಂದ ಅದು ಬಂತು. ಕರುವಿನಷ್ಟು ಎತ್ತರವೇನಿರಲಿಲ್ಲ. ಮುಂಗಾಲು ಕುಂಟುತ್ತಿತ್ತು, ಮೈಮೇಲೆಲ್ಲ ಹಿಮ, ಪಕ್ಕೆ ಎದ್ದು ಕಾಣುತ್ತಿದ್ದವು. ಅಂದು ಯಾಕೆ ತಡವಾಯಿತೆಂದು ಆ ಕಾಲು ನೋಡಿದರೆ ತಿಳಿಯುತ್ತಿತ್ತು. ಗಟ್ಟಿಯಾಗಿದ್ದ ಚಪಾತಿಯನ್ನು ಅತ್ತೆ ಚೂರು ಚೂರು ಮುರಿದು ಹಾಕಿದರು. ತಿಂದು ಮುಗಿಸಿ, ಅತ್ತೆ ತಿರುಗಿ ಮೆಟ್ಟಿಲ ಕಡೆ ನಡೆದಾಗ ಅದೂ ಅವರ ಪಕ್ಕದಲ್ಲೇ ಮೆಟ್ಟಿಲವರೆಗೆ ಕುಂಟಿಕೊಂಡು ಬಂತು. ಹೆಜ್ಜೆಯ ಸದ್ದು ನಿಜವಾಗಿಯೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಕಾರು ಬಂತು. ನನ್ನ ಗಂಡ ಆ ಲಾರಿಯ ಹಿಂದೆ ಸಾಲಿನಲ್ಲಿ ಸಿಕ್ಕಿಕೊಂಡಿದ್ದರಂತೆ, ಅಷ್ಟೇ. "ಇಬ್ರೂ ಯಾಕೆ ಹೀಗೆ ನೆಂದು ನಿಂತಿದೀರಾ?" ಎಂದರು. ಅತ್ತೆ ಮಗನ ಮುಖ ಮುಟ್ಟಿ ನೋಡಿ, ಊಟಕ್ಕೆ ಬಾ ಎಂದರು. ಅವರು ಏನು ಪಣಕ್ಕಿಟ್ಟಿದ್ದರೆಂದು ಮಗನಿಗೆ ಯಾವತ್ತೂ ಹೇಳಲಿಲ್ಲ, ನಾನೂ ಹೇಳಿಲ್ಲ.

ನನಗೆ ಆ ರಾತ್ರಿ ನೆಮ್ಮದಿಯ ನಿದ್ದೆ ಬರಲಿಲ್ಲ. ಒಂದು ಜೀವ ಮನೆ ಮುಟ್ಟಿತ್ತು, ಇನ್ನೊಂದರ ಕಥೆ ಮುಗಿಯಿತೆಂದುಕೊಂಡೆ. ಭಾನುವಾರವಿಡೀ ಕೆಳಗಿನ ಪರದೆ ತೆರೆಯಲಿಲ್ಲ, ಕೆಳಗಿಳಿದು ಬಾಗಿಲು ತಟ್ಟಲು ನನಗೆ ಧೈರ್ಯ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಲ್ಯಾಬಿಗೆ ಹೊರಟು ಮೆಟ್ಟಿಲಿಳಿದರೆ ಅಜ್ಜಿ ಹ್ಯಾಟು ಧರಿಸಿ, ಸಣ್ಣ ಪೆಟ್ಟಿಗೆ ಪಕ್ಕಕ್ಕಿಟ್ಟುಕೊಂಡು ಮುಂಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ನನ್ನ ಹಿಂದೆಯೇ ಇಳಿದು ಬಂದರು, ಕೈಯಲ್ಲಿ ತಮ್ಮ ಕಾಶ್ಮೀರಿ ಶಾಲು ಇತ್ತು. ಅಜ್ಜಿ ಅವರನ್ನೇ ನೋಡುತ್ತಾ ನನಗೆ ಹೇಳಿದರು.

"ನಿಮ್ಮತ್ತೆಗೆ ಹೇಳು. ಶನಿವಾರ ನಾನು ಯಾವ ನಾಯೀನೂ ನೋಡ್ಲಿಲ್ಲ."

ನಾನು ಹೇಳಿದೆ. ಅತ್ತೆ ಶಾಲು ಬಿಡಿಸಿ ಅಜ್ಜಿಯ ಹೆಗಲಿಗೆ ಹೊದಿಸುತ್ತಿದ್ದರು.

"ಗೊತ್ತು ಅನ್ನು" ಎಂದರು. "ಪರದೆ ಎಳೆದಿದ್ದನ್ನ ನಾನೂ ನೋಡ್ದೆ ಅನ್ನು."

ಅದನ್ನು ನಾನು ಇಂಗ್ಲಿಷಿಗೆ ತರುವಷ್ಟರಲ್ಲಿ ಅಜ್ಜಿ ಅತ್ತೆಯ ಕೈ ಹಿಡಿದುಕೊಂಡಾಗಿತ್ತು.